ಕಾರಿಗೆ ಏಟು ಬಿದ್ದಿದೆ: ಕ್ಲೇಮ್ ಮಾಡೋದಾ, ಕೈಯಿಂದ ಕೊಡೋದಾ?

ಕಳೆದ ದೀಪಾವಳಿಗೆ ಮೈಸೂರಿನ ಕುವೆಂಪುನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಹೊರಡುವಾಗ ಕಿಟಕಿಯಲ್ಲಿ ಭಾವನ ಜೊತೆ ಮಾತಾಡುತ್ತಾ ಕಾರನ್ನು ರಿವರ್ಸ್ ತೆಗೆದೆ. ನೇರ ಹೋಗಿ ತುಳಸಿಕಟ್ಟೆಗೆ ಕೊಟ್ಟೆ. ಹಿಂದಿನ ಬಂಪರ್ ಸೀಳಿತ್ತು, ಎಡಗಡೆಯ ಟೇಲ್ ಲ್ಯಾಂಪ್ ಪುಡಿಯಾಗಿತ್ತು, ಡಿಕ್ಕಿ ಬಾಗಿಲಿನ ಕೆಳ ಅಂಚು ಒಳಗೆ ಹೋಗಿತ್ತು. ಓಡಿ ಬಂದ ಅಕ್ಕ, "ಕಾರು ಆಮೇಲೆ ನೋಡ್ಕೊಳ್ಳೋ, ಕಟ್ಟೆ ಏನಾಗಿದೆ ನೋಡು ಮೊದಲು" ಅಂದಳು.

ಬೆಂಗಳೂರಿಗೆ ಬಂದವನು ಕಾರನ್ನು ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನ ಅಡ್ವೈಸರ್ ಹುಡುಗ ಒಂದು ಸುತ್ತು ಹಾಕಿ, ಪಾಲಿಸಿ ನೋಡಿ, "ಸಾರ್, ಝೀರೋ ಡೆಪ್ ಇದೆ. ಕ್ಲೇಮ್ ಹಾಕಿಬಿಡೋಣ. ಸಾವಿರ, ಸಾವಿರದೈನೂರು ನಿಮ್ಮ ಕೈಯಿಂದ ಹೋಗುತ್ತೆ, ಅಷ್ಟೇ" ಅಂದ. ಝೀರೋ ಡೆಪ್ ಅಂದರೆ ಭಾಗಗಳ ಸವಕಳಿಯನ್ನು ಕ್ಲೇಮಿನಲ್ಲಿ ಕಳೆಯದ ಹೆಚ್ಚುವರಿ ಸೌಲಭ್ಯ. ಹುಡುಗ ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮಿಕ್ಕ ಖರ್ಚು ಮುಂದಿನ ಐದು ವರ್ಷದ ರಿನ್ಯೂವಲ್‌ಗಳಲ್ಲಿ ಕಂತು ಕಂತಾಗಿ ಬರುತ್ತದೆ. ಆಗ ಅದು ತುಳಸಿಕಟ್ಟೆಯ ಖರ್ಚು ಅಂತ ಯಾರಿಗೂ ನೆನಪಿರುವುದಿಲ್ಲ.

ಆ ಐದು ವರ್ಷದ ಲೆಕ್ಕವನ್ನು ಮನೆಯಲ್ಲೇ ಕೂತು, ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಹಾಕಬಹುದು. ಹೇಗೆ ಅಂತ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಲೆಕ್ಕವೇ ಬೇಡದ ಸಂದರ್ಭಗಳನ್ನು ಪಕ್ಕಕ್ಕೆ ಇಟ್ಟುಬಿಡೋಣ.

ಹೆಜ್ಜೆ 1: ಯೋಚನೆಯೇ ಬೇಡ ಅನ್ನುವ ಸಂದರ್ಭಗಳು

ಯಾರಿಗಾದರೂ ಪೆಟ್ಟಾಗಿದ್ದರೆ ಇದು ದುಡ್ಡಿನ ಲೆಕ್ಕ ಹಾಕುವ ಹೊತ್ತಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, 112ಕ್ಕೆ ಫೋನ್ ಮಾಡಿ. ಪೊಲೀಸರಿಗೆ ಆದಷ್ಟು ಬೇಗ, ತಡವಾದರೂ 24 ಗಂಟೆಯೊಳಗೆ ತಿಳಿಸಬೇಕು. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುವುದು ಇದನ್ನೇ. ಇನ್ಶೂರೆನ್ಸ್ ಕಂಪನಿಗೂ ಅದೇ ದಿನ ತಿಳಿಸಿ.

ಇಲ್ಲಿ ತುಂಬಾ ಜನ ಮಾಡುವ ತಪ್ಪು ಒಂದಿದೆ. ಬೈಕಿನವನು ಬಿದ್ದು ಮೊಣಕಾಲು ತರಚಿಕೊಂಡ ಅಂತಿಟ್ಟುಕೊಳ್ಳಿ. ನಾಲ್ಕು ಜನ ಸೇರುತ್ತಾರೆ. "ಐದು ಸಾವಿರ ಕೊಟ್ಟು ಮುಗಿಸಿ ಸಾರ್" ಅನ್ನುತ್ತಾರೆ. ಕೊಟ್ಟು ಬರುತ್ತೀರಿ. ಎರಡು ವಾರ ಬಿಟ್ಟು ಕಾಲಿನ ಮೂಳೆ ಬಿರುಕು ಬಿಟ್ಟಿತ್ತು ಅಂತ ಕೇಸ್ ಬೀಳುತ್ತದೆ. ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ದುಡ್ಡು ಕೊಡುತ್ತೇನೆ ಅಂತ ಮಾತು ಕೊಡಬಾರದು ಅಂತ ಪಾಲಿಸಿಯಲ್ಲೇ ಷರತ್ತಿದೆ. ಗಾಯ ಆಗಿರುವ ಕಡೆ ರಸ್ತೆಬದಿಯ ರಾಜಿ ನಂಬಬೇಡಿ. ಪಾಲಿಸಿಯ ಥರ್ಡ್ ಪಾರ್ಟಿ ಭಾಗದಲ್ಲಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಯ ಭಾಗದಲ್ಲಿ, ಸಾವು ಮತ್ತು ಗಾಯಕ್ಕೆ ಪರಿಹಾರದ ಮಿತಿಯೇ ಇಲ್ಲ. ಅಷ್ಟು ದೊಡ್ಡ ರಕ್ಷಣೆಯನ್ನು ಐದು ಸಾವಿರದ ಆಸೆಗೆ ಅಪಾಯಕ್ಕೆ ಒಡ್ಡುವುದು ಬೇಡ, ಅಲ್ವಾ?

ಕಾರು ಕಳುವಾದರೆ, ಬೆಂಕಿ ಬಿದ್ದರೆ, ಮಳೆನೀರಿನಲ್ಲಿ ಮುಳುಗಿದರೆ, ಮರ ಬಿದ್ದು ಛಾವಣಿ ಜಜ್ಜಿಹೋದರೆ, ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಕ್ಲೇಮ್ ಮಾಡಿ. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಬರೆದಿರುವ ಕಾರಿನ ಬೆಲೆಯ, 75% ದಾಟಿದರೆ ಅದನ್ನು ಪೂರ್ತಿ ನಷ್ಟ ಅಂತಲೇ ಪರಿಗಣಿಸುತ್ತಾರೆ.

ನೀರಿನ ವಿಷಯದಲ್ಲಿ ಒಂದು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲೇ ಕಾರುಗಳು ಮುಳುಗಿದ್ದವು. ಅಂಥ ಕಾರನ್ನು "ನೋಡೋಣ" ಅಂತ ಸ್ಟಾರ್ಟ್ ಮಾಡಬೇಡಿ. ನೀರು ಎಳೆದುಕೊಂಡ ಎಂಜಿನ್ ಒಳಗೆ ಮುರಿಯುತ್ತದೆ. ಎಂಜಿನ್ ಪ್ರೊಟೆಕ್ಟ್ ಅನ್ನುವ ಆಡ್-ಆನ್, ಅಂದರೆ ಪಾಲಿಸಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ, ಇಲ್ಲದಿದ್ದರೆ ಆ ನಷ್ಟ ನಿಮ್ಮ ತಲೆಗೇ ಬರುತ್ತದೆ. ಕೀಲಿ ಮುಟ್ಟದೆ ಫೋಟೋ ತೆಗೆದು, ಟೋ ಮಾಡಿಸಿ.

ಇದರ ಉಲ್ಟಾ ಸಂದರ್ಭಗಳೂ ಇವೆ. ಕ್ಲೇಮ್ ಮಾಡಿದರೂ ಸಿಗದವು. ಕುಡಿದು ಓಡಿಸಿದ್ದು, ಲೈಸೆನ್ಸ್ ಇಲ್ಲದವರು ಓಡಿಸಿದ್ದು, ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಬಿಟ್ಟಿದ್ದು, ಸವೆದು ಕೆಟ್ಟ ಭಾಗ. ಬರೀ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಕಾರಿನ ಡ್ಯಾಮೇಜಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಹೊಸ ಕಾರು ಕೊಂಡವರು ಇದನ್ನು ನೋಡಿಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಭಾಗ ಮೂರು ವರ್ಷಕ್ಕೆ ಒಟ್ಟಿಗೆ ಬರುತ್ತದೆ. ಆದರೆ ನಿಮ್ಮದೇ ಕಾರಿನ ಹಾನಿಗೆ ದುಡ್ಡು ಕೊಡುವ ಓನ್ ಡ್ಯಾಮೇಜ್ ಭಾಗ ಸಾಮಾನ್ಯವಾಗಿ ಒಂದೇ ವರ್ಷಕ್ಕಿರುತ್ತದೆ. "ಇನ್ಶೂರೆನ್ಸ್ ಮೂರು ವರ್ಷ ಇದೆ" ಅಂದುಕೊಂಡು ಎರಡನೇ ವರ್ಷ ಸುಮ್ನೆ ಕೂತವರನ್ನು ನೋಡಿದ್ದೇನೆ.

ಹೆಜ್ಜೆ 2: ಜಾಗ ಬಿಡುವ ಮುನ್ನ

ಕ್ಲೇಮ್ ಮಾಡುತ್ತೀರೋ ಇಲ್ಲವೋ, ಮಾಡುವವರಂತೆಯೇ ಫೋಟೋ ತೆಗೆಯಿರಿ. ನಾಲ್ಕೂ ಕಡೆಯಿಂದ ಇಡೀ ಕಾರು, ಏಟು ಬಿದ್ದ ಜಾಗ ಹತ್ತಿರದಿಂದ, ನಂಬರ್ ಪ್ಲೇಟ್ ಕಾಣುವಂತೆ ಒಂದು, ಸುತ್ತಲಿನ ರಸ್ತೆ ಕಾಣುವಂತೆ ಒಂದು. ಇನ್ನೊಂದು ವಾಹನ ಇದ್ದರೆ ಅದರ ನಂಬರ್. ಆಮೇಲೆ ಕಾರನ್ನು ಪಕ್ಕಕ್ಕೆ ಹಾಕಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ನಡುವೆ ನಿಂತು ಸತ್ಯ ಯಾರದ್ದು ಅಂತ ವಾದ ಮಾಡಿದರೆ ಹಿಂದಿನ ಇನ್ನೂರು ಜನ ತೀರ್ಪು ಕೊಡುತ್ತಾರೆ.

ತಪ್ಪು ಎದುರಿನವರದ್ದು ಅಂತಿಟ್ಟುಕೊಳ್ಳಿ. ಅವರ ಥರ್ಡ್ ಪಾರ್ಟಿ ಪಾಲಿಸಿಯಿಂದ ನಿಮ್ಮ ಬಂಪರಿನ ದುಡ್ಡು ಕೇಳುವ ಹಕ್ಕು ಕಾನೂನಿನಲ್ಲಿದೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಇತರರ ಆಸ್ತಿ ಹಾನಿಗೆ ಸಾಮಾನ್ಯವಾಗಿ ₹7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಆದರೆ ಅದರ ದಾರಿ ಪೊಲೀಸ್ ಠಾಣೆ, ಎಫ್‌ಐಆರ್, ಮಹಜರು, ಮೋಟಾರು ಅಪಘಾತ ನ್ಯಾಯಮಂಡಳಿ. ಹದಿನೈದು ಸಾವಿರದ ಬಂಪರಿಗೆ ಈ ದಾರಿ ಹಿಡಿದವರು ಕಡಿಮೆ. ಗಾಯ ಇಲ್ಲದ, ಬರೀ ತಗಡಿನ ಏಟಿಗೆ ಅಲ್ಲೇ ಮಾತಾಡಿ ಯುಪಿಐಯಲ್ಲಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ನಡೆದು ಬಂದಿರುವ ರೀತಿ. ಹಾಗೆ ತೆಗೆದುಕೊಂಡರೆ ಅದೇ ಏಟಿಗೆ ಮತ್ತೆ ನಿಮ್ಮ ಕಂಪನಿಯಲ್ಲಿ ಪೂರ್ತಿ ಕ್ಲೇಮ್ ಹಾಕಬೇಡಿ.

ಕಂಪನಿಗೆ ತಿಳಿಸುವುದನ್ನು ತಡ ಮಾಡಬೇಡಿ. ಪಾಲಿಸಿಯಲ್ಲಿ "ತಕ್ಷಣ" ಅಂತಲೇ ಇರುತ್ತದೆ. ಒಂದೆರಡು ದಿನದೊಳಗೆ ಹೇಳಿದರೆ ತಕರಾರು ಬರುವುದು ಕಡಿಮೆ. ನಿಜವಾದ ಕ್ಲೇಮನ್ನು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಅಂತ ವಿಮಾ ನಿಯಂತ್ರಕ ಸಂಸ್ಥೆ 2011ರಲ್ಲೇ ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಹಾಗಂತ ಒಂದು ತಿಂಗಳು ಕೂತು ಯೋಚಿಸುವ ವಿಷಯ ಇದಲ್ಲ. ಮುಂದಿನ ಮೂರು ಹೆಜ್ಜೆಗೆ ಒಂದು ಸಂಜೆ ಸಾಕು.

ಹೆಜ್ಜೆ 3: ಎರಡು ಎಸ್ಟಿಮೇಟ್ ತೆಗೆದುಕೊಳ್ಳಿ

ಒಂದು ಕಂಪನಿ ಸರ್ವಿಸ್ ಸೆಂಟರಿನದು, ಇನ್ನೊಂದು ಹೊರಗಿನ ಒಳ್ಳೆಯ ಟಿಂಕರಿಂಗ್ ಗ್ಯಾರೇಜಿನದು. ಸರ್ವಿಸ್ ಸೆಂಟರಿನಲ್ಲಿ ಬಾಯಿಮಾತಿನ ಮೊತ್ತ ತೆಗೆದುಕೊಳ್ಳಬೇಡಿ. ಭಾಗವಾರು ಬರೆದ ಹಾಳೆ ಬೇಕು, ಯಾಕೆಂದರೆ ಮುಂದಿನ ಲೆಕ್ಕ ನಿಂತಿರುವುದೇ ಅದರ ಮೇಲೆ. ನನ್ನ ಹಾಳೆ ತೆರಿಗೆ ಸೇರಿ ಹೀಗಿತ್ತು: ಬಂಪರ್ ₹4,200, ಟೇಲ್ ಲ್ಯಾಂಪ್ ₹3,100, ಕ್ಲಿಪ್ಪು ಬೋಲ್ಟು ₹400, ಡಿಕ್ಕಿ ಬಾಗಿಲಿನ ಟಿಂಕರಿಂಗ್ ₹2,500, ಬಂಪರ್ ಮತ್ತು ಡಿಕ್ಕಿ ಬಾಗಿಲಿಗೆ ಪೇಂಟಿಂಗ್ ₹6,000. ಒಟ್ಟು ₹16,200.

ಹೊರಗಿನ ಗ್ಯಾರೇಜಿನವರು ಬಂಪರನ್ನು ಬೆರಳಿನಿಂದ ಒತ್ತಿ ನೋಡಿದರು. "ಇದನ್ನ ಚೇಂಜ್ ಮಾಡೋದು ಯಾಕೆ ಸಾರ್, ಪ್ಲಾಸ್ಟಿಕ್ ವೆಲ್ಡ್ ಮಾಡಿ ಪೇಂಟ್ ಹೊಡೆದರೆ ಗೊತ್ತೇ ಆಗಲ್ಲ" ಅಂದರು. ಟೇಲ್ ಲ್ಯಾಂಪ್ ಜೆ.ಸಿ. ರಸ್ತೆಯಲ್ಲಿ ಒರಿಜಿನಲ್ ತಂದುಕೊಡಿ ಅಂದರು. ಎಲ್ಲ ಸೇರಿ ₹9,000.

ಹೊರಗಿನ ಕೆಲಸ ಎಲ್ಲ ಕಾರಿಗೂ ಸರಿ ಅಂತ ನಾನು ಹೇಳುವುದಿಲ್ಲ. ಬಂಪರಿನಲ್ಲಿ ರಾಡಾರ್, ಗಾಜಿನಲ್ಲಿ ಕ್ಯಾಮೆರಾ ಇರುವ ಹೊಸ ಕಾರು, ಚಾಸಿಗೆ ಬಿದ್ದ ಏಟು, ಏರ್‌ಬ್ಯಾಗ್ ಸಂಬಂಧದ ಏನೇ ಇದ್ದರೂ ಸರ್ವಿಸ್ ಸೆಂಟರೇ ಗತಿ. ವಾರಂಟಿ ಇನ್ನೂ ಇದ್ದರೆ ಹೊರಗೆ ಪೇಂಟ್ ಮಾಡಿಸಿದರೆ ತುಕ್ಕಿನ ವಾರಂಟಿ ಏನಾಗುತ್ತದೆ ಅಂತ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 4: ಕಂಪನಿ ನಿಜಕ್ಕೂ ಎಷ್ಟು ಕೊಡುತ್ತದೆ

ಎಸ್ಟಿಮೇಟಿನ ಮೊತ್ತವೆಲ್ಲ ಕಂಪನಿಯಿಂದ ಬರುತ್ತದೆ ಅಂದುಕೊಳ್ಳಬೇಡಿ. ಅದರಲ್ಲಿ ಎರಡು ಕಡಿತ ಇರುತ್ತದೆ.

ಮೊದಲನೆಯದು ಸವಕಳಿ, ಅಂದರೆ ಡೆಪ್ರಿಸಿಯೇಶನ್. ಝೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಇವಕ್ಕೆ ಅರ್ಧ ದುಡ್ಡು ಮಾತ್ರ ಸಿಗುತ್ತದೆ. ಕಾರು ಹೊಸದಾಗಿದ್ದರೂ ಅಷ್ಟೇ. ಫೈಬರ್ ಭಾಗಕ್ಕೆ 30% ಕಡಿತ. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ ಹೋಗುತ್ತದೆ: ಮೊದಲ ಆರು ತಿಂಗಳು ಏನೂ ಇಲ್ಲ, ಒಂದು ವರ್ಷದವರೆಗೆ 5%, ಎರಡರವರೆಗೆ 10%, ಮೂರರವರೆಗೆ 15%, ನಾಲ್ಕರವರೆಗೆ 25%, ಐದರವರೆಗೆ 35%, ಹತ್ತರವರೆಗೆ 40%, ಆಮೇಲೆ 50%. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ. ಅಂದರೆ ಪೇಂಟಿಂಗ್ ಮೊತ್ತದ ಎಂಟರಲ್ಲಿ ಒಂದು ಭಾಗ ಹೋಯಿತು.

ಇದನ್ನು ಗಮನಿಸಿದರೆ ಒಂದು ವಿಷಯ ಗೊತ್ತಾಗುತ್ತದೆ. ಸಣ್ಣಪುಟ್ಟ ಏಟಿನಲ್ಲಿ ಒಡೆಯುವುದೆಲ್ಲ ಪ್ಲಾಸ್ಟಿಕ್ಕೇ. ಬಂಪರ್, ಗ್ರಿಲ್, ಲ್ಯಾಂಪ್, ಕನ್ನಡಿಯ ಕವರ್. ಕಡಿತ ಜಾಸ್ತಿ ಇರುವುದೂ ಅಲ್ಲೇ.

ಎರಡನೆಯದು ಕಡ್ಡಾಯ ಡಿಡಕ್ಟಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ನಿಮ್ಮ ಕೈಯಿಂದ ಹೋಗಲೇಬೇಕಾದ ಮೊತ್ತ. 1500 ಸಿಸಿವರೆಗಿನ ಕಾರಿಗೆ ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000. ಝೀರೋ ಡೆಪ್ ಇದ್ದರೂ ಇದು ಬಿಡುವುದಿಲ್ಲ. ಪ್ರೀಮಿಯಂ ಕಡಿಮೆಯಾಗಲಿ ಅಂತ ಆನ್‌ಲೈನಿನಲ್ಲಿ ಪಾಲಿಸಿ ತೆಗೆದುಕೊಳ್ಳುವಾಗ "ವಾಲಂಟರಿ ಡಿಡಕ್ಟಬಲ್" ಅನ್ನುವ ಕಡೆ ₹5,000 ಅಥವಾ ₹7,500 ಒತ್ತಿ ಮರೆತಿರುತ್ತೀರಿ. ಅದೂ ಸೇರುತ್ತದೆ. ಪಾಲಿಸಿ ತೆಗೆದು ನೋಡಿ.

ನನ್ನ ಹಾಳೆಗೆ ಬರೋಣ. ಝೀರೋ ಡೆಪ್ ಇಲ್ಲದಿದ್ದರೆ ಬಂಪರಿನಲ್ಲಿ ₹2,100, ಲ್ಯಾಂಪಿನಲ್ಲಿ ₹1,550, ಪೇಂಟಿಂಗಿನಲ್ಲಿ ₹750, ಕ್ಲಿಪ್ಪು ಬೋಲ್ಟಿನ ₹400 ಪೂರ್ತಿ, ಡಿಡಕ್ಟಬಲ್ ₹1,000. ಕೈಯಿಂದ ₹5,800, ಕಂಪನಿಯಿಂದ ₹10,400. ಝೀರೋ ಡೆಪ್ ಇದ್ದುದರಿಂದ ನನ್ನ ಪಾಲು ₹1,400, ಕಂಪನಿಯದು ₹14,800. ಅಡ್ವೈಸರ್ ಹುಡುಗ ಹೇಳಿದ ಸಾವಿರದೈನೂರು ಇದೇ. ಕ್ಲಿಪ್ಪು, ಬೋಲ್ಟು, ಆಯಿಲ್ಲಿನಂಥವಕ್ಕೆ ಕನ್ಸ್ಯೂಮಬಲ್ಸ್ ಅನ್ನುವ ಇನ್ನೊಂದು ಆಡ್-ಆನ್ ಬೇಕು, ನನ್ನ ಹತ್ತಿರ ಇರಲಿಲ್ಲ.

ಹೆಜ್ಜೆ 5: ಕಳೆದುಕೊಳ್ಳುವ ಬೋನಸ್ ಎಷ್ಟು

ಈ ಲೆಕ್ಕವನ್ನು ಸರ್ವಿಸ್ ಸೆಂಟರಿನಲ್ಲಿ ಯಾರೂ ಹಾಕಿ ತೋರಿಸುವುದಿಲ್ಲ. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ 20% ಬಿಡುತ್ತಾರೆ. ಸತತ ಎರಡು ವರ್ಷಕ್ಕೆ 25%, ಮೂರಕ್ಕೆ 35%, ನಾಲ್ಕಕ್ಕೆ 45%, ಐದಕ್ಕೆ 50%. ಅಲ್ಲಿಗೆ ನಿಲ್ಲುತ್ತದೆ. ಇದೇ ನೋ ಕ್ಲೇಮ್ ಬೋನಸ್, ಎನ್‌ಸಿಬಿ. ಒಂದು ಕ್ಲೇಮ್ ಮಾಡಿದರೆ, ಅದು ಮೂರು ಸಾವಿರದ್ದಾಗಲಿ ಮೂರು ಲಕ್ಷದ್ದಾಗಲಿ, ಸೀದಾ ಸೊನ್ನೆಗೆ ಬರುತ್ತದೆ. ಪರಮಪದ ಆಟದಲ್ಲಿ ಹಾವಿನ ಬಾಯಿಗೆ ಬಿದ್ದ ಹಾಗೆ. ತಪ್ಪು ನಿಮ್ಮದಲ್ಲದಿದ್ದರೂ, ಮರ ತಾನಾಗಿ ಬಿದ್ದಿದ್ದರೂ ಅಷ್ಟೇ.

ಬಹಳ ಜನ ಇಲ್ಲಿ ಒಂದು ವರ್ಷದ ನಷ್ಟ ಮಾತ್ರ ಎಣಿಸುತ್ತಾರೆ. ಆದರೆ ಸೊನ್ನೆಯಿಂದ ಮತ್ತೆ 50%ಗೆ ಹತ್ತಲು ಐದು ವರ್ಷ ಬೇಕು. ಆ ಐದೂ ವರ್ಷ ನೀವು, ಕ್ಲೇಮ್ ಮಾಡದಿದ್ದರೆ ಇರುತ್ತಿದ್ದ ಮೆಟ್ಟಿಲಿಗಿಂತ ಕೆಳಗಿರುತ್ತೀರಿ. ನನ್ನದು 35% ಇತ್ತು. ಕ್ಲೇಮ್ ಮಾಡದಿದ್ದರೆ ಮುಂದೆ 45, 50, 50, 50, 50. ಮಾಡಿದರೆ 0, 20, 25, 35, 45. ವರ್ಷವರ್ಷದ ವ್ಯತ್ಯಾಸ 45, 30, 25, 15, 5. ಕೂಡಿದರೆ 120. ಅಂದರೆ ಒಂದು ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂ ಪೂರ್ತಿ ಹೋಗಿ, ಮೇಲೆ ಇನ್ನೊಂದು 20% ಹೋಯಿತು.

ಇದೇ ರೀತಿ ಉಳಿದ ಮೆಟ್ಟಿಲುಗಳಿಗೂ ಹಾಕಿಟ್ಟಿದ್ದೇನೆ. ಈಗಿನ ಪಾಲಿಸಿಯಲ್ಲಿ ಬರೆದಿರುವ ಎನ್‌ಸಿಬಿ ನೋಡಿಕೊಳ್ಳಿ:

0% ಇದ್ದರೆ ಒಟ್ಟು ನಷ್ಟ ಒಂದು ವರ್ಷದ ಪ್ರೀಮಿಯಂನ 50%
20% ಇದ್ದರೆ 80%
25% ಇದ್ದರೆ 105%
35% ಇದ್ದರೆ 120%
45% ಅಥವಾ 50% ಇದ್ದರೆ 125%

ಯಾವ ಪ್ರೀಮಿಯಂ? ನೀವು ಕಟ್ಟುವ ಒಟ್ಟು ಮೊತ್ತ ಅಲ್ಲ. ಎನ್‌ಸಿಬಿ ಬರುವುದು ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ನಿಗದಿ ಮಾಡುವಂಥದ್ದು, 2022ರ ಜೂನ್‌ನಲ್ಲಿ ಬಂದ ದರದಲ್ಲಿ 1000ದಿಂದ 1500 ಸಿಸಿ ಕಾರಿಗೆ ವರ್ಷಕ್ಕೆ ₹3,416. ಅದರಲ್ಲಿ ಬೋನಸ್ ಇಲ್ಲ. ಪಾಲಿಸಿಯ ಎರಡನೇ ಪುಟದಲ್ಲಿ ಎನ್‌ಸಿಬಿ ಕಡಿತ ಅಂತ ಒಂದು ಸಾಲು ಇರುತ್ತದೆ, ಇಲ್ಲದಿದ್ದರೆ ಪ್ರೀಮಿಯಂ ವಿವರದ ಪಟ್ಟಿಯಲ್ಲಿ ಹುಡುಕಿ. ನನ್ನದರಲ್ಲಿ ₹3,150 ಕಳೆದಿದ್ದರು. ಅದು 35%. 3,150ನ್ನು 35ರಿಂದ ಭಾಗಿಸಿ 100ರಿಂದ ಗುಣಿಸಿದರೆ ₹9,000. ಲೆಕ್ಕಕ್ಕೆ ಬೇಕಾದ ಪ್ರೀಮಿಯಂ ಅದು.

₹9,000ದ 120% ಅಂದರೆ ₹10,800. ಅದರ ಮೇಲೆ 18% ಜಿಎಸ್‌ಟಿ. ₹12,744.

ಈಗ ಪಕ್ಕಪಕ್ಕ ಇಟ್ಟು ನೋಡಿ. ಕ್ಲೇಮ್ ಮಾಡಿದರೆ ಈಗ ₹1,400, ಮುಂದೆ ₹12,744, ಒಟ್ಟು ₹14,144. ಸರ್ವಿಸ್ ಸೆಂಟರಿನಲ್ಲೇ ಕೈಯಿಂದ ಕೊಟ್ಟರೆ ₹16,200. ಹೊರಗೆ ಮಾಡಿಸಿದರೆ ₹9,000. ಝೀರೋ ಡೆಪ್ ಇಲ್ಲದಿದ್ದರಂತೂ ಕ್ಲೇಮಿನ ದಾರಿಗೆ ₹18,544 ಬೀಳುತ್ತಿತ್ತು, ಕೈಯಿಂದ ಕೊಡುವುದಕ್ಕಿಂತ ಜಾಸ್ತಿ.

ಹೆಜ್ಜೆ 6: ಲೆಕ್ಕವನ್ನು ನಿಮ್ಮ ಬದುಕಿಗೆ ಹೊಂದಿಸಿ

ಮೇಲಿನ ಲೆಕ್ಕ ಒರಟು ಲೆಕ್ಕ. ನಾಲ್ಕೈದು ವಿಷಯ ಅದನ್ನು ಆಚೆ ಈಚೆ ಎಳೆಯುತ್ತವೆ.

ಕಾರಿಗೆ ವಯಸ್ಸಾದಂತೆ ಐಡಿವಿ ಇಳಿಯುತ್ತದೆ, ಅದರ ಜೊತೆ ಓನ್ ಡ್ಯಾಮೇಜ್ ಪ್ರೀಮಿಯಂ ಕೂಡ. ಹಾಗಾಗಿ ಅದೇ ಕಾರು ಇಟ್ಟುಕೊಂಡರೆ ನಷ್ಟ ಸ್ವಲ್ಪ ಕಡಿಮೆಯೇ. ಆದರೆ ಒಂದೆರಡು ವರ್ಷದಲ್ಲಿ ಕಾರು ಬದಲಾಯಿಸುವವರಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಎನ್‌ಸಿಬಿ ಕಾರಿನದ್ದಲ್ಲ, ನಿಮ್ಮದು. ಹಳೆ ಕಾರು ಮಾರಿದಾಗ ಕಂಪನಿಯಿಂದ ಎನ್‌ಸಿಬಿ ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಕೊಳ್ಳಬಹುದು. ಹೊಸ ಕಾರಿನ ಪ್ರೀಮಿಯಂ ದೊಡ್ಡದು, ಹಾಗಾಗಿ ಬೋನಸ್ಸೂ ದೊಡ್ಡದು.

ಇದನ್ನು ನಾನು ಏಟು ತಿಂದು ಕಲಿತಿದ್ದೇನೆ. ಹಿಂದಿನ ಕಾರಿನಲ್ಲಿ 50% ಎನ್‌ಸಿಬಿ ಇತ್ತು. ಆಟೋ ಒಂದು ಉಜ್ಜಿಕೊಂಡು ಹೋಗಿದ್ದಕ್ಕೆ ₹5,200ರ ಕ್ಲೇಮ್ ಮಾಡಿಸಿದೆ. "ಇನ್ಶೂರೆನ್ಸ್ ಕಟ್ಟೋದು ಯಾಕೆ ಮತ್ತೆ?" ಅಂತ ಜಂಬ ಬೇರೆ. ಐದು ತಿಂಗಳಿಗೆ ಕಾರು ಮಾರಿ ಹೊಸದು ಕೊಂಡೆ. ಅದರ ಓನ್ ಡ್ಯಾಮೇಜ್ ಪ್ರೀಮಿಯಂ ₹22,000. ಬೋನಸ್ ಉಳಿದಿದ್ದರೆ ₹11,000 ಬಿಡುತ್ತಿದ್ದರು, ಜಿಎಸ್‌ಟಿ ಸೇರಿ ₹12,980. ಶೋರೂಮಿನ ಕುರ್ಚಿಯಲ್ಲಿ ಕೂತು ಆ ಆಟೋದವನನ್ನು ಬೈದುಕೊಂಡೆ. ಅವನಿಗೇನು ಗೊತ್ತು ಪಾಪ.

ನೀವು ಹೆಚ್ಚುಕಡಿಮೆ ವರ್ಷಕ್ಕೊಂದು ಕ್ಲೇಮ್ ಮಾಡುವ ಪೈಕಿಯಾದರೆ, ಅಥವಾ ಮನೆಯಲ್ಲಿ ಮಗ ಹೊಸದಾಗಿ ಕಾರು ಕಲಿಯುತ್ತಿದ್ದರೆ, ಐದು ವರ್ಷದ ನಷ್ಟ ಎಣಿಸಬೇಡಿ. ಬೋನಸ್ ಹೇಗಿದ್ದರೂ ಉಳಿಯುವುದಿಲ್ಲ. ಮುಂದಿನ ಒಂದು ವರ್ಷದ ನಷ್ಟ ಮಾತ್ರ ಹಿಡಿಯಿರಿ.

ಈ ವರ್ಷ ಆಗಲೇ ಒಂದು ಕ್ಲೇಮ್ ಆಗಿದೆಯೇ? ಹಾಗಿದ್ದರೆ ಬೋನಸ್ ಹೋಗಿ ಆಗಿದೆ. ಅದೇ ಪಾಲಿಸಿ ವರ್ಷದಲ್ಲಿ ಮತ್ತೆ ಏಟು ಬಿದ್ದರೆ ಎರಡನೇ ಕ್ಲೇಮಿನಿಂದ ಬೋನಸ್ ಇನ್ನೂ ಕೆಳಗಿಳಿಯುವುದಿಲ್ಲ, ಸೊನ್ನೆಗಿಂತ ಕೆಳಗೆ ಏನಿದೆ? ಆಗ ಡಿಡಕ್ಟಬಲ್ ಮಾತ್ರ ನೋಡಿ ತೀರ್ಮಾನಿಸಿ. ಝೀರೋ ಡೆಪ್ ಸೌಲಭ್ಯವನ್ನು ವರ್ಷಕ್ಕೆ ಎರಡು ಕ್ಲೇಮಿಗೆ ಮಿತಿಗೊಳಿಸಿದ ಪಾಲಿಸಿಗಳು ಬಹಳ ಇವೆ, ಅದನ್ನೊಂದು ನೋಡಿಕೊಳ್ಳಿ.

ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದ್ದರೆ ಷರತ್ತಿಗೆ ಒಳಪಟ್ಟು ಬೋನಸ್ ಉಳಿಯುತ್ತದೆ. ಆಗ ಇಷ್ಟೆಲ್ಲ ಗುಣಾಕಾರವೇ ಬೇಡ. ಎಷ್ಟು ಕ್ಲೇಮಿನವರೆಗೆ ಉಳಿಸುತ್ತಾರೆ ಅಂತ ಮಾತ್ರ ಓದಿಕೊಳ್ಳಿ.

ಇನ್ನು, ಕೈಯಲ್ಲಿ ದುಡ್ಡೇ ಇಲ್ಲದಿದ್ದರೆ? ಮಗಳ ಕಾಲೇಜು ಫೀ ಕಟ್ಟಿದ ತಿಂಗಳು ಹದಿನಾರು ಸಾವಿರ ಎಲ್ಲಿಂದ ತರುವುದು? ಐದು ವರ್ಷದಲ್ಲಿ ಸ್ವಲ್ಪ ಜಾಸ್ತಿ ಹೋದರೂ ಈಗ ಕ್ಲೇಮ್ ಮಾಡುವುದು ತಪ್ಪೇನಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಗಿಂತ ಇದು ವಾಸಿ. ಲೆಕ್ಕ ಗೊತ್ತಿದ್ದು ಮಾಡಿದರಾಯಿತು.

ಹೆಜ್ಜೆ 7: ಕ್ಲೇಮ್ ಮಾಡುವುದು ಅಂತಾದರೆ

ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಡ್ಯಾಮೇಜ್ ನೋಡಿ ಮೊತ್ತ ಹೇಳುವ ಸರ್ವೇಯರ್ ಬಂದು ನೋಡುವ ಮುನ್ನ ಕಾರನ್ನು ಬಿಚ್ಚಿಸಬೇಡಿ. ಸಣ್ಣ ಏಟಿಗೆ ಈಗ ಆ್ಯಪಿನಲ್ಲಿ ವಿಡಿಯೋ ತೆಗೆಸಿಕೊಳ್ಳುವುದೂ ಇದೆ. ಆರ್‌ಸಿ, ಪಾಲಿಸಿ, ಎಸ್ಟಿಮೇಟ್, ಕ್ಲೇಮ್ ಫಾರ್ಮ್, ಅವತ್ತು ಓಡಿಸುತ್ತಿದ್ದವರ ಡಿಎಲ್ ಬೇಕು. ಕಂಪನಿಯ ನೆಟ್‌ವರ್ಕ್ ಗ್ಯಾರೇಜಾದರೆ ಕ್ಯಾಶ್‌ಲೆಸ್, ಇಲ್ಲದಿದ್ದರೆ ನೀವು ಕಟ್ಟಿ ಆಮೇಲೆ ವಾಪಸ್ ಪಡೆಯಬೇಕು.

"ಅವತ್ತು ಓಡಿಸುತ್ತಿದ್ದವರ" ಅನ್ನುವುದನ್ನು ಬೇಕಂತಲೇ ಬರೆದೆ. ಮಗನ ಹತ್ತಿರ ಲೈಸೆನ್ಸ್ ಇಲ್ಲ ಅಂತ ಅಪ್ಪನ ಹೆಸರು ಬರೆಯುವುದು ನಮ್ಮಲ್ಲಿ ಸಲೀಸು. ಬರೆಯಬೇಡಿ. ಇವತ್ತು ಎಲ್ಲ ಕಡೆ ಸಿಸಿಟಿವಿ ಇದೆ, ಸುಳ್ಳು ಹೊರಬಿದ್ದರೆ ಕ್ಲೇಮೇ ಹೋಗುತ್ತದೆ.

ಇನ್ನೊಂದು ಆಮಿಷ ಸರ್ವಿಸ್ ಸೆಂಟರಿನಲ್ಲೇ ಬರುತ್ತದೆ. ನನಗೂ ಬಂತು. "ಹೇಗೂ ಕ್ಲೇಮ್ ಆಗ್ತಿದೆ ಸಾರ್, ಮುಂದಿನ ಬಾಗಿಲಿನ ಹಳೇ ಗೀರನ್ನೂ ಇದರಲ್ಲೇ ಸೇರಿಸಿಬಿಡೋಣ." ಹಿಂದೆ ತುಳಸಿಕಟ್ಟೆಗೆ ಗುದ್ದಿದರೆ ಮುಂದಿನ ಬಾಗಿಲು ಯಾಕೆ ಗೀರುತ್ತದೆ? ಬೇರೆ ಬೇರೆ ದಿನದ ಏಟು ಬೇರೆ ಬೇರೆ ಕ್ಲೇಮ್, ಪ್ರತಿಯೊಂದಕ್ಕೂ ಪ್ರತ್ಯೇಕ ಡಿಡಕ್ಟಬಲ್. ಅನುಭವಿ ಸರ್ವೇಯರ್ ಗೀರಿನ ಮೇಲೆ ಉಗುರು ಆಡಿಸಿ ಹೇಳುತ್ತಾನೆ. ಹಳೆ ಗೀರಿನಲ್ಲಿ ಧೂಳು, ಪಾಲಿಶ್‌ನ ಬಿಳಿ ಪುಡಿ ಕೂತಿರುತ್ತದೆ. ತಗಡು ಕಾಣುವ ಕಡೆ ತುಕ್ಕಿನ ಕೆಂಪು ಬಂದಿರುತ್ತದೆ. ಹೊಸ ಗೀರು ಹೊಳೆಯುತ್ತದೆ. ಕಥೆ ಕಟ್ಟಲು ಹೋದರೆ ನಿಜವಾದ ಕ್ಲೇಮಿಗೂ ಕಲ್ಲು ಬೀಳುತ್ತದೆ.

ಸರ್ವೇಯರ್ ಮೊತ್ತ ಹೇಳಿದ ಮೇಲೆ "ಇಷ್ಟಕ್ಕೆ ಬೇಡವಾಗಿತ್ತು" ಅನ್ನಿಸಿದರೆ ದುಡ್ಡು ಪಾವತಿ ಆಗುವ ಮೊದಲು ಕ್ಲೇಮ್ ವಾಪಸ್ ತೆಗೆದುಕೊಳ್ಳಬಹುದು. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ಕ್ಲೇಮ್ ಮುಚ್ಚಿದೆ, ಹಣ ಪಾವತಿ ಆಗಿಲ್ಲ, ಎನ್‌ಸಿಬಿ ಹಾಗೇ ಇದೆ ಅಂತ ಇಮೇಲಿನಲ್ಲಿ ಬರೆಸಿಕೊಳ್ಳಿ. ಬಾಕಿ ಇರುವ ಕ್ಲೇಮ್ ಕೂಡ ರಿನ್ಯೂವಲ್ ಹೊತ್ತಿಗೆ ಬೋನಸ್‌ಗೆ ಅಡ್ಡ ಬರುತ್ತದೆ.

ಕಂಪನಿ ಅನ್ಯಾಯವಾಗಿ ಕಡಿತ ಮಾಡಿತು ಅನ್ನಿಸಿದರೆ ಮೊದಲು ಅವರ ದೂರು ವಿಭಾಗಕ್ಕೇ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, ಇಂಥ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ.

ಹೆಜ್ಜೆ 8: ಕೈಯಿಂದ ಕೊಡುವುದು ಅಂತಾದರೆ

ನಾನು ಹೊರಗೆ ಮಾಡಿಸಿದೆ. ಟೇಲ್ ಲ್ಯಾಂಪಿಗೆ ಜೆ.ಸಿ. ರಸ್ತೆಯಲ್ಲಿ ಎರಡು ಅಂಗಡಿ ಅಲೆದೆ. ಮೂರನೇ ದಿನ ಕಾರು ಬಂತು. ಮಧ್ಯಾಹ್ನದ ಬಿಸಿಲಿನಲ್ಲಿ ಓರೆಯಾಗಿ ನಿಂತು ನೋಡಿದರೆ ಬಂಪರಿನ ಬಣ್ಣ ಒಂದು ಎಳೆ ಬೇರೆ ಅನ್ನಿಸುತ್ತದೆ. ಬೇರೆ ಯಾರಿಗೂ ಕಾಣುವುದಿಲ್ಲ, ನನಗೆ ಮಾತ್ರ ದಿನಾ ಕಾಣುತ್ತದೆ.

ಬಿಲ್ ಕೇಳಿ ತೆಗೆದುಕೊಳ್ಳಿ. ರಿಪೇರಿ ಮುಗಿದ ಕಾರಿನ ಫೋಟೋವನ್ನೂ ಅದರ ಜೊತೆ ಇಡಿ. ಮುಂದೆ ಅದೇ ಜಾಗಕ್ಕೆ ಏಟು ಬಿದ್ದು ಕ್ಲೇಮ್ ಮಾಡಿದಾಗ "ಇದು ಹಳೇ ಡ್ಯಾಮೇಜ್" ಅಂತ ಸರ್ವೇಯರ್ ಅಂದರೆ ತೋರಿಸಬಹುದು.

ಉಳಿಸಿದ ಬೋನಸ್ ರಿನ್ಯೂವಲ್ ಹೊತ್ತಿಗೆ ಕಳೆಯದಂತೆ ನೋಡಿಕೊಳ್ಳಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಎನ್‌ಸಿಬಿ ಹೋಗುತ್ತದೆ. ಕಂಪನಿ ಬದಲಾಯಿಸಿದರೆ ಬೋನಸ್ ಜೊತೆಗೇ ಬರುತ್ತದೆ. ಆನ್‌ಲೈನಿನಲ್ಲಿ "ಕಳೆದ ವರ್ಷ ಕ್ಲೇಮ್ ಮಾಡಿದ್ದೀರಾ?" ಅಂತ ಕೇಳುವ ಕಡೆ ನಿಜ ಒತ್ತಿ. ಮಾಡಿದ್ದನ್ನು ಮುಚ್ಚಿಟ್ಟು ಬೋನಸ್ ತೆಗೆದುಕೊಂಡರೆ ಅವತ್ತು ಪಾಲಿಸಿ ಬಂದುಬಿಡುತ್ತದೆ. ಕಂಪನಿಗಳು ಪರಸ್ಪರ ಕೇಳಿ ಪರಿಶೀಲಿಸುತ್ತವೆ. ನಿಮಗೆ ನಿಜಕ್ಕೂ ದೊಡ್ಡ ಏಟು ಬಿದ್ದ ದಿನ ಅದನ್ನು ಮುಂದೆ ಹಿಡಿದು ಕ್ಲೇಮ್ ನಿಲ್ಲಿಸುತ್ತಾರೆ.

ತುಳಸಿಕಟ್ಟೆ? ಕಾನೂನಿನ ಪ್ರಕಾರ ಅದು ಥರ್ಡ್ ಪಾರ್ಟಿ ಆಸ್ತಿ, ₹7.5 ಲಕ್ಷದೊಳಗೆ ಧಾರಾಳವಾಗಿ ಬರುತ್ತದೆ. ಭಾವ ಗಾರೆಯವರನ್ನು ಕರೆಸಿ ಮೂಲೆ ಕಟ್ಟಿಸಿದರು. ₹600 ಆಯಿತು, ಯುಪಿಐಯಲ್ಲಿ ಹಾಕಿದೆ.